ಹೊಸ್ತಿಲ ಮೇಲಿನ ಸೀನು

ಮನೆತನದಲ್ಲಿ ಮೊದಲು ಬಿ.ಎ. ಮಾಡಿದವನಿಗೆ ಒಂದು ಕಷ್ಟವಿದೆ. ಯಾರಿಗೂ ಬರದ ಕೆಲಸ ಅವನಿಗೆ ಬರುತ್ತದೆ ಎಂದು ಜನ ನಂಬುತ್ತಾರೆ; ಸ್ವಲ್ಪ ದಿನಕ್ಕೆ ಅವನೂ ನಂಬುತ್ತಾನೆ. ನಮ್ಮೂರು ಖಾನಾಪುರದಲ್ಲಿ ಎಮ್ಮೆಯ ಹೊಟ್ಟೆ ಉಬ್ಬಿದರೂ ಅಪ್ಪ ನನ್ನನ್ನೇ ಕೇಳುತ್ತಿದ್ದ. ನಾನು ಓದಿದ್ದು ಇತಿಹಾಸ.

ಎಂಬತ್ತರ ಸುಮಾರಿಗೆ ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಇನ್ನೂ ಕಾಯಂ ಆಗಿರಲಿಲ್ಲ. ಬೆಂಕಿ ಬಿದ್ದರೆ ಜನರನ್ನು ಹೊರಗೆ ಕರೆತರುವ ತರಬೇತಿಗೆ ಪದವೀಧರನೇ ಹೋಗಲಿ ಎಂದು ಮಾಲೀಕರು ನನ್ನನ್ನು ಬೆಳಗಾವಿಗೆ ಕಳಿಸಿದರು. ಲಿಫ್ಟ್ ಹತ್ತಬೇಡಿ, ಮೆಟ್ಟಿಲಲ್ಲಿ ನೂಕಾಡಬೇಡಿ ಎಂದು ಅಲ್ಲಿ ಕಲಿಸಿದರು. ನಮ್ಮದು ತಗಡಿನ ಶೆಡ್ಡು. ಒಂದೇ ಬಾಗಿಲು, ಮೆಟ್ಟಿಲೇ ಇಲ್ಲ. ಆದರೂ ಶ್ರದ್ಧೆಯಿಂದ ಕಲಿತೆ. ತನಿಖೆಗೆ ಬರುವ ಸಾಹೇಬರೆದುರು ಇದರ ಅಭ್ಯಾಸ ಸರಿಯಾಗಿ ನಡೆದರೆ ನೌಕರಿ ಕಾಯಂ ಎಂದು ಮಾಲೀಕರು ಹೇಳಿದ್ದರು.

ಅಭ್ಯಾಸದ ದಿನ ಸಾಹೇಬರು ಗಡಿಯಾರ ನೋಡುತ್ತ ಅಂಗಳದಲ್ಲಿ ನಿಂತರು. ಗಂಟೆ ಹೊಡೆಸಿದೆ. ಜನ ಸಾಲಾಗಿ ಹೊರಟರು. ಎಲ್ಲರ ಮುಂದೆ ಹಿರಿಯ ಮಿಸ್ತ್ರಿ ಮಾರುತಿ ಮಾಮಾ. ಅವರು ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ಹಿಂದೆ ಯಾರೋ ಸೀನಿದರು. ಒಂದೇ ಸೀನು. ಮಾಮಾ ಕಾಲು ಹಿಂದೆ ತೆಗೆದು ಅಲ್ಲೇ ಕುಳಿತರು. ಇಡೀ ಸಾಲು ಕುಳಿತಿತು.

"ಮಾಮಾ, ಶೆಡ್ಡಿಗೆ ಬೆಂಕಿ ಹತ್ತೇತಿ ಅಂತ ತಿಳೀರಿ" ಎಂದೆ.

"ಅದಕ್ಕ ಕುಂತೇನ್ರಿ. ಮೊದಲ ಬೆಂಕಿ, ಮ್ಯಾಲ ಒಂಟಿ ಸೀನು. ಹೊರಗ ಹೋದ್ರ ಏನರ ಆದೀತು."

ನೀರು ಕುಡಿದು ಏಳುತ್ತೇವೆ ಎಂದರು. ಬಿಂದಿಗೆ ಕೈಯಿಂದ ಕೈಗೆ ನಿಧಾನವಾಗಿ ಹೊರಟಿತು. ಹೊರಗೆ ಸಾಹೇಬರು ಗಂಟಲು ಸರಿಮಾಡಿಕೊಂಡರು. ಕಾಯಂ ನೌಕರಿ ನನ್ನ ಕಣ್ಣೆದುರೇ ಉರಿಯತೊಡಗಿತು. ಬೇರೆ ದಾರಿ ಇಲ್ಲವೇ ಎಂದು ಮಾಮಾರನ್ನು ಅಂಗಲಾಚಿದೆ. ಅವರು ನಶ್ಯದ ಡಬ್ಬಿ ಮುಂದೆ ಚಾಚಿದರು.

"ಜೋಡಿ ಸೀನಾದ್ರ ದೋಷ ಇಲ್ಲ. ನೀವು ಸಾಲಿ ಕಲ್ತವ್ರು, ನೀವ ಸೀನ್ರಿ."

ಪದವೀಧರನಿಗೆ ಇದೂ ಬರಬೇಕಲ್ಲ ಎಂದು ಧಾರಾಳವಾಗಿ ಏರಿಸಿದೆ. ಸೀನಿದೆ. ಜೋಡಿಯಾಯಿತು. ಎಲ್ಲರೂ ಧೂಳು ಕೊಡವಿಕೊಂಡು ಎದ್ದರು. ತರಬೇತಿಯಲ್ಲಿ ಕಲಿಸಿದಂತೆ ನಾನೇ ಮುಂದೆ ನಿಂತು, ಶಾಂತವಾಗಿ ಕೈಬೀಸಿ, ಹೊಸ್ತಿಲು ದಾಟಲು ಕಾಲೆತ್ತಿದೆ. ಮೂಗಿನಲ್ಲಿ ಇನ್ನೂ ನಶ್ಯ ಉಳಿದಿತ್ತು. ಜೋಡಿ ಮುರಿದು ಮೂರಾಯಿತು.

ಮಾಮಾ ನನ್ನ ಮುಖ ನೋಡಿದರು. "ಇರಲಿ ನಡೀರಿ, ಪಾಪ ಹುಡುಗನ ನೌಕರಿ ಪ್ರಶ್ನೆ ಐತಿ" ಎಂದು ದೇವರಿಗೊಮ್ಮೆ ಕೈಮುಗಿದು ಹೊರಗೆ ನಡೆದೇಬಿಟ್ಟರು. ಹಿಂದೆ ಎಲ್ಲರೂ ಶಿಸ್ತಿನಿಂದ ಹೋದರು.

ನೌಕರಿ ಕಾಯಂ ಆಯಿತು. ಆದರೆ ಸಾಹೇಬರು ಎಣಿಸಿದ ಪ್ರಕಾರ ಆ ಬೆಂಕಿಯಲ್ಲಿ ಸುಟ್ಟು ಸತ್ತವನು ಒಬ್ಬನಿದ್ದ. ಬಿ.ಎ. ಮಾಡಿದ ಅವನು ಒಳಗೆ ಕುಳಿತು ನೀರು ಕುಡಿಯುತ್ತಿದ್ದ.