ದವಡೆಯ ಮೂಲೆಯ ಕಡಲೆಬೀಜ

"ಇವತ್ತಿನಿಂದ ಈ ಮನೆಯ ಹಲ್ಲುಗಳ ಖಾತೆ ನನ್ನದು" ಎಂದು ಹದ್ದುಗಣ್ಣ ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ. "ಮಗಳ ಬಾಯಲ್ಲಿ ಒಂದೇ ಒಂದು ಹುಳುಕು ಬರಲಿ, ನನ್ನ ಹೆಸರು ಬದಲಾಯಿಸು."

"ಹೆಸರು ಇರಲಿ, ಮೊದಲು ಅವಳ ಬ್ರಷ್ ಬದಲಾಯಿಸಿ. ಎಳೆಗಳೆಲ್ಲ ಹರಡಿಹೋಗಿವೆ" ಎಂದಳು ಹೆಂಡತಿ, ಒದ್ದೆ ಬಟ್ಟೆಯ ಬಕೆಟ್ಟನ್ನು ಅವನ ಪಕ್ಕದಿಂದ ಎಳೆದುಕೊಂಡು ಹೋಗುತ್ತ.

ಹದ್ದುಗಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗಾಜಿನ ಕಾರ್ಖಾನೆಯವರು ಕೊಟ್ಟ ಬಿರುದು. ಹದಿನಾಲ್ಕು ವರ್ಷದಿಂದ ಅವನು ಅಲ್ಲಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೂದಲೆಳೆಯಷ್ಟು ಬಿರುಕು, ಸಾಸಿವೆಯಷ್ಟು ಗುಳ್ಳೆ ಇದ್ದರೂ ಸಾಕು, ಬಾಟಲಿ ಪುಡಿಯಾಗುವ ಡಬ್ಬಕ್ಕೆ ಬೀಳುತ್ತಿತ್ತು. ಇಂಥ ಕಣ್ಣಿನವನಿಗೆ ಆರು ವರ್ಷದ ಮಗುವಿನ ಪುಟ್ಟ ಬಾಯಿ ಯಾವ ಲೆಕ್ಕ?

ಖಾತೆ ಬದಲಾವಣೆಗೆ ಕಾರಣವೂ ಇತ್ತು. ಐದು ವರ್ಷದಿಂದ ಮಗಳ ಹಲ್ಲುಜ್ಜುತ್ತಿದ್ದವಳು ಹೆಂಡತಿ. ಈಗ ಅವಳು ಕೆಲಸ ಮಾಡುವ ಲೈಬ್ರರಿಯ ಸಮಯ ಬದಲಾಗಿ ಬೆಳಿಗ್ಗೆ ಏಳಕ್ಕೇ ಮನೆ ಬಿಡಬೇಕಾಗಿತ್ತು. ಅದೇ ವಾರ ಶಾಲೆಯಿಂದ ಒಂದು ಚೀಟಿ ಬಂದಿತ್ತು: ತರಗತಿಯ ಅರ್ಧ ಮಕ್ಕಳ ಹಲ್ಲು ಹುಳುಕಾಗಿದೆ, ಕೆಲವರ ಒಸಡು ಊದಿಕೊಂಡಿದೆ, ಪೋಷಕರು ಗಮನ ಕೊಡಬೇಕು. ಹದ್ದುಗಣ್ಣ ಚೀಟಿಯನ್ನು ಎರಡು ಸಲ ಓದಿದ. ಕರ್ತವ್ಯ ಕರೆಯುತ್ತಿದೆ ಎಂದು ಅವನಿಗೆ ಖಚಿತವಾಯಿತು.

ಅಂದೇ ಸಂಜೆ ಹೊಸ ಬ್ರಷ್ ಬಂತು. ಅಂಗಡಿಯಲ್ಲಿದ್ದ ಬ್ರಷ್‌ಗಳಲ್ಲೆಲ್ಲ ಅತ್ಯಂತ ಬಿರುಸಾದದ್ದು. "ಬಾಟಲಿ ತೊಳೆಯೋಕೇ ಗಟ್ಟಿ ಬ್ರಷ್ ಬೇಕು. ನನ್ನ ಮಗಳ ಹಲ್ಲು ಬಾಟಲಿಗಿಂತ ಕಮ್ಮಿಯಾ?" ಎಂದು ಅವನು ವಾದಿಸಿದ. ಹಣೆಗೆ ಕಟ್ಟಿಕೊಳ್ಳುವ ಟಾರ್ಚು ಬಂತು. ಗೋಡೆಗೆ ಒಂದು ಪಟ್ಟಿ ಅಂಟಿತು. ಮೇಲೆ, ಕೆಳಗೆ, ಎಡ, ಬಲ ಎಂದು ನಾಲ್ಕು ಮನೆ, ಬೆಳಿಗ್ಗೆಗೊಂದು ಸಂಜೆಗೊಂದು ಗುರುತು.

ಮಗಳಿಗೆ ಮೊದಲೆರಡು ದಿನ ಇದೆಲ್ಲ ಹಬ್ಬವೇ ಆಯಿತು. ಅವಳನ್ನು ಮನೆಯಲ್ಲಿ ಗಿಲಕಿ ಎಂದು ಕರೆಯುತ್ತಿದ್ದರು, ಏಕೆಂದರೆ ಎದ್ದಾಗ ಶುರುವಾದ ಸದ್ದು ಮಲಗಿದಾಗಲೇ ನಿಲ್ಲುತ್ತಿತ್ತು. ಬಾಯಿ ತುಂಬ ನೊರೆಯಿದ್ದಾಗಲೂ ಮಾತಾಡುವಳು.

"ಅಪ್ಪ, ನಿನ್ನ ಹಣೆ ಮೇಲೆ ಸೂರ್ಯ ಇದ್ದಾನೆ."

"ಬಾಯಿ ತೆಗಿ."

"ಸೂರ್ಯಂಗೆ ನನ್ನ ನಾಲಿಗೆ ಕಾಣ್ಸತ್ತಾ?"

"ಎಲ್ಲಾ ಕಾಣ್ಸತ್ತೆ. ಆ ಅನ್ನು."

ಮಂಗಳವಾರ ಸಂಜೆ ಸೂರ್ಯನಿಗೆ ಕಾಣಬಾರದ್ದು ಕಂಡಿತು. ಎಡಗಡೆ ಕೆಳದವಡೆ, ಕಟ್ಟಕಡೆಯ ಹಲ್ಲಿನ ಹಿಂದೆ, ಒಸಡಿನ ನಡುವೆ ಒಂದು ಬಿಳಿ ಚುಕ್ಕೆ.

"ಕಡಲೆಬೀಜ ತಿಂದ್ಯಾ?"

"ಇಲ್ಲ."

"ಚೂರು ಸಿಕ್ಕಿಹಾಕ್ಕೊಂಡಿದೆ."

"ನಾನು ತಿಂದೇ ಇಲ್ಲ ಅಪ್ಪ."

ಹದ್ದುಗಣ್ಣ ನೇರವಾಗಿ ಅಡುಗೆಮನೆಗೆ ನಡೆದು ಕಡಲೆಬೀಜದ ಡಬ್ಬಿ ತೆಗೆದ. ಕಳೆದ ವಾರ ಅಂಚಿನವರೆಗೆ ತುಂಬಿದ್ದ ಡಬ್ಬಿ ಈಗ ಅರ್ಧಕ್ಕೆ ಇಳಿದಿತ್ತು. ಸಾಕ್ಷಿ ಬಾಯಲ್ಲಿದೆ, ಮಾಲು ಡಬ್ಬಿಯಲ್ಲಿ ಕಮ್ಮಿಯಿದೆ, ಆರೋಪಿ ಎದುರಿಗೇ ನಿಂತಿದ್ದಾಳೆ. ಇನ್ನು ವಿಚಾರಣೆ ಯಾಕೆ?

"ತಿಂದರೆ ತಿಂದೆ ಅನ್ನಬೇಕು. ಸುಳ್ಳು ಹೇಳಬಾರದು" ಎಂದು ಡಬ್ಬಿಯನ್ನು ಅಟ್ಟದ ಮೇಲಿಟ್ಟ.

ಗಿಲಕಿಯ ಕೆಳತುಟಿ ಮುಂದೆ ಬಂತು. ಅಳಲಿಲ್ಲ. ಅಳು ಬಂದಾಗಲೂ ವಾದಿಸುವ ಮಗು ಅಂದು ವಾದಿಸದೆ ಒಳಗೆ ಹೋಯಿತು. ಅದನ್ನು ಮಾತ್ರ ಹದ್ದಿನ ಕಣ್ಣು ಗಮನಿಸಲಿಲ್ಲ.

ಬುಧವಾರ ಆ ಚೂರನ್ನು ಹೊರತೆಗೆಯಲು ಬ್ರಷ್ಷಿನಿಂದ ಇಪ್ಪತ್ತು ಸಲ ಉಜ್ಜಿದ. ಅದು ಕದಲಲಿಲ್ಲ. ಗುರುವಾರ ನಲವತ್ತು ಸಲ. ಶುಕ್ರವಾರ ಹಲ್ಲಿನ ಸಂದಿಗೆ ಹಾಕುವ ದಾರ ತಂದು, ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತುವವನಂತೆ ಎಳೆದು ನೋಡಿದ. ಶನಿವಾರ ಉಪ್ಪುನೀರು. ಗಿಲಕಿ ಮುಕ್ಕಳಿಸಿ ಮುಕ್ಕಳಿಸಿ ಸುಸ್ತಾದಳು, ಚುಕ್ಕೆ ಮಾತ್ರ ತಣ್ಣಗೆ ಕೂತಿತ್ತು.

"ಡಾಕ್ಟರ ಹತ್ರ ತೋರಿಸಿಬಿಡೋಣ" ಎಂದಳು ಹೆಂಡತಿ.

"ಒಂದು ಕಡಲೆಬೀಜಕ್ಕೆ ಡಾಕ್ಟರಾ? ಕಾರ್ಖಾನೆಯವರಿಗೆ ಗೊತ್ತಾದರೆ ನಾನು ತಲೆ ಎತ್ತಿಕೊಂಡು ಓಡಾಡೋದು ಹೇಗೆ?"

ಎರಡನೇ ಭಾನುವಾರ, ಗಾಜು ತೊಳೆಯಲೆಂದು ಕಾರ್ಖಾನೆಯಲ್ಲಿಟ್ಟಿದ್ದ ಉದ್ದ ಮೂತಿಯ ಹೊಸ ಪ್ಲಾಸ್ಟಿಕ್ ಬಾಟಲಿಯೊಂದು ಅವನ ಚೀಲದಿಂದ ಹೊರಬಂತು. ಅದುಮಿದರೆ ನೀರು ಬಾಣದಂತೆ ಚಿಮ್ಮುತ್ತಿತ್ತು. ಹದ್ದುಗಣ್ಣ ಗುರಿಯಿಟ್ಟು ಅದುಮಿದ. ನೀರು ದವಡೆಗೆ ಬಡಿದು, ಅಲ್ಲಿಂದ ಮಗುವಿನ ಮೂಗಿಗೇರಿ, ಅಲ್ಲಿಂದ ಒಂದೇ ಸೀನಿನಲ್ಲಿ ಅವನ ಮುಖ, ಅಂಗಿ, ಕನ್ನಡಿ, ಗೋಡೆಯ ಪಟ್ಟಿ ಎಲ್ಲವನ್ನೂ ತೋಯಿಸಿತು. ಹಣೆಯ ಸೂರ್ಯ ಎರಡು ಸಲ ಮಿಣುಕಿ ಆರಿಹೋದ.

ಆದರೂ ಸೋಲೊಪ್ಪುವ ಜಾತಿಯಲ್ಲ. ಹೊಸ ಬ್ಯಾಟರಿ ಹಾಕಿ ಮತ್ತೆ ಬಗ್ಗಿ ನೋಡಿದ. ನೋಡಿದವನು ಮಗುವಿನ ದವಡೆ ಬಿಟ್ಟು ಹಿಂದೆ ಸರಿದ. ಚುಕ್ಕೆ ದೊಡ್ಡದಾಗಿತ್ತು.

"ಏನ್ರೀ?" ಎಂದಳು ಹೆಂಡತಿ.

"ನೀರು ಕುಡಿದು ಊದಿಕೊಂಡಿದೆ. ಮೊಳಕೆ ಬರ್ತಾ ಇದೆ ಅಂತ ಕಾಣತ್ತೆ."

"ಬಾಯಲ್ಲಿ?"

"ತೇವ ಇದೆ, ಬೆಚ್ಚಗಿದೆ. ಬರದೇ ಏನು?"

ಹೆಂಡತಿ ಕನ್ನಡಿಯ ನೀರು ಒರೆಸಿದಳು. "ಮುಂದಿನ ವಾರ ಬಳ್ಳಿ ಹಬ್ಬಿದ್ರೆ ಕಿವಿಯಿಂದ ಹೊರಗೆ ಬಿಡೋಣ" ಎಂದು ಹೇಳಿ ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಹೆಂಡತಿ ಲೈಬ್ರರಿಗೆ ಹೋದ ಮೇಲೆ ಹದ್ದುಗಣ್ಣ ಕೊನೆಯ ದಾಳಿ ನಡೆಸಿದ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದು ಮೂಲೆಗೆ ಒತ್ತಿ ಉಜ್ಜಿದ. ಗಿಲಕಿ ಉಗುಳಿದಾಗ ಬೇಸಿನ್ನಿನ ಬಿಳುಪಿನ ಮೇಲೆ ನೊರೆ ಕೆಂಪಾಗಿ ಹರಡಿತು.

ಇಬ್ಬರೂ ಅದನ್ನು ನೋಡಿದರು. ಹದ್ದುಗಣ್ಣನ ಕೈಯಿಂದ ಬ್ರಷ್ ಜಾರಿತು. ಗಿಲಕಿ ತುಟಿ ಒರೆಸಿಕೊಂಡು, ಬಾಯಿ ಮುಚ್ಚಿದಳು.

ಮುಚ್ಚಿದ ಬಾಯಿ ಅವನ ಪಾಲಿಗೆ ಮತ್ತೆ ತೆರೆಯಲಿಲ್ಲ. ಅಮ್ಮನೊಂದಿಗೆ ಅಂಗೈ ಅಡ್ಡವಿಟ್ಟುಕೊಂಡು ಮಾತಾಡಿದಳು, ಪಕ್ಕದ ಮನೆಯವರೊಂದಿಗೆ ಕಿಟಕಿಯಿಂದ ಹರಟಿದಳು. ಅಪ್ಪ ಬಂದರೆ ಮಾತ್ರ ತುಟಿಗೆ ಹೊಲಿಗೆ. ಬೂಟು ಬೇಕಾದರೆ ಕಾಲು ತೋರಿಸುವಳು, ನೀರು ಬೇಕಾದರೆ ಹೆಬ್ಬೆರಳು. ಹೋಂವರ್ಕ್ ಆಯಿತಾ ಎಂದರೆ ಒಂದು ತಲೆಯಾಟ. ಆರು ವರ್ಷ ಎಡೆಬಿಡದೆ ಸದ್ದು ಕೇಳಿದ ಕಿವಿಗೆ ಆ ಮೌನ ಕಾರ್ಖಾನೆಯ ಯಂತ್ರ ನಿಂತುಹೋದಂತೆ ಕೇಳಿಸಿತು.

"ಡಾಕ್ಟರ ಹತ್ರ ಹೋಗೋಣ" ಎಂದು ಮಂಗಳವಾರ ಅವನೇ ಹೇಳಿದ. ಹೆಂಡತಿ ಅಂದಿಗೇ ಸಮಯ ಗೊತ್ತುಮಾಡಿ ಆಗಲೇ ಎರಡು ದಿನವಾಗಿತ್ತು.

ಹಲ್ಲಿನ ಡಾಕ್ಟರು ಕುಳ್ಳಗಿನ ಹೆಂಗಸು, ನಡೆದರೆ ರಬ್ಬರ್ ಚಪ್ಪಲಿ ಕಿಚ್‌ಕಿಚ್ ಎನ್ನುತ್ತಿತ್ತು. ಗಿಲಕಿ ದೊಡ್ಡ ಕುರ್ಚಿಯಲ್ಲಿ ರಾಣಿಯಂತೆ ಕೂತಳು, ಬಾಯಿ ಮಾತ್ರ ತೆರೆಯಲಿಲ್ಲ. ಅಪ್ಪನತ್ತ ಬೆರಳು ತೋರಿಸಿ, ಬಾಗಿಲತ್ತ ತೋರಿಸಿದಳು.

"ನೀವು ಸ್ವಲ್ಪ ಹೊರಗಿರಿ" ಎಂದರು ಡಾಕ್ಟರು.

ಹದಿನಾಲ್ಕು ವರ್ಷ ಬಾಟಲಿಗಳನ್ನು ಹೊರಗೆ ಹಾಕಿದವನು ಸ್ವತಃ ಹೊರಗೆ ಬಿದ್ದ. ಬಾಗಿಲಿಗೆ ಕಿವಿ ಹಚ್ಚಿ ನಿಂತ. ಒಳಗಿನಿಂದ ಮೊದಲು ಪಿಸುಮಾತು, ಆಮೇಲೆ ಗಿಲಕಿಯ ಎಂದಿನ ಧಾರಾಳ ಸದ್ದು, ಆಮೇಲೆ ಡಾಕ್ಟರ ನಗು, ಹೆಂಡತಿಯ ನಗು. ಮೂವರೂ ನಗುತ್ತಿದ್ದುದು ಯಾರ ಬಗ್ಗೆ ಎಂದು ತಿಳಿಯಲು ಹದ್ದಿನ ಕಣ್ಣು ಬೇಕಿರಲಿಲ್ಲ.

ಒಳಗೆ ಕರೆದಾಗ ಅವನು ನೇರವಾಗಿ ಕುರ್ಚಿಯ ಬಳಿ ಹೋದ. "ಡಾಕ್ಟ್ರೇ, ಕಡಲೆಬೀಜ ಬಂತಾ?"

"ಬರ್ತಾ ಇದೆ. ಪೂರ್ತಿ ಬರೋಕೆ ಇನ್ನೂ ಕೆಲವು ತಿಂಗಳು ಬೇಕು."

"ಅಂದ್ರೆ?"

"ಅದು ಹಲ್ಲು ಸ್ವಾಮಿ. ಮೊಳಕೆ ಅಂದಿದ್ರಂತಲ್ಲ, ಅದು ಸರಿಯಾಗೇ ಇದೆ. ಹಲ್ಲೂ ಮೊಳೆಯೋದೇ ಅಲ್ವಾ?"

ಹದ್ದುಗಣ್ಣ ಕುರ್ಚಿಯ ಕೈ ಹಿಡಿದುಕೊಂಡ. "ಅಲ್ಲಿ ಯಾವ ಹಲ್ಲೂ ಬಿದ್ದಿಲ್ಲವಲ್ಲ?"

"ಇದಕ್ಕೆ ಯಾವುದೂ ಬೀಳಬೇಕಿಲ್ಲ. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಖಾಲಿ ಜಾಗದಲ್ಲೇ ಬರತ್ತೆ. ಖಾಯಂ ಹಲ್ಲು, ಕೊನೇತನಕ ಇರಬೇಕಾದ್ದು. ಎಷ್ಟೋ ಜನ ಇದೂ ಬಿದ್ದುಹೋಗೋ ಹಲ್ಲೇ ಅಂತ ಕಡೆಗಣಿಸ್ತಾರೆ. ನೀವು ಕಡೆಗಣಿಸಲಿಲ್ಲ, ಕಿತ್ತುಹಾಕೋಕೇ ಹೊರಟ್ರಿ."

ಗಿಲಕಿ ಕೈಗನ್ನಡಿಯಲ್ಲಿ ತನ್ನ ದವಡೆಯನ್ನು ನೋಡಿಕೊಳ್ಳುತ್ತ ಕಾಲು ಕುಣಿಸುತ್ತಿದ್ದಳು.

"ಒಂದು ಸಮಾಧಾನ" ಎಂದರು ಡಾಕ್ಟರು. "ಇಡೀ ಬಾಯಲ್ಲಿ ಒಂದೂ ಹುಳುಕಿಲ್ಲ. ಇಷ್ಟು ಚೆಂದದ ಹಲ್ಲು ಈ ವಯಸ್ಸಲ್ಲಿ ನಾನು ನೋಡೋದು ಅಪರೂಪ."

ಹದ್ದುಗಣ್ಣನ ಎದೆ ಅಂಗಿಯ ಗುಂಡಿಗಳನ್ನು ಎಳೆಯುವಷ್ಟು ಉಬ್ಬಿತು. "ನಾನೇ ಉಜ್ಜೋದು, ಎರಡು ಹೊತ್ತೂ."

"ಎಷ್ಟು ವರ್ಷದಿಂದ?"

"ಹತ್ತು ದಿನದಿಂದ."

"ಅದಕ್ಕೆ ಮುಂಚೆ?"

ಅವನು ಹೆಂಡತಿಯತ್ತ ನೋಡಿದ. ಡಾಕ್ಟರೂ ನೋಡಿದರು. ಹೆಂಡತಿ ಚೀಲದ ಹಿಡಿಯನ್ನು ಸರಿಮಾಡಿಕೊಂಡಳು. ಆದರೆ ಅವಳ ಮುಖದಲ್ಲಿ ಆ ಹೊತ್ತು ಬೆಳಗಿದ ಹೆಮ್ಮೆಗೆ ಯಾವ ಬ್ಯಾಟರಿಯೂ ಬೇಕಿರಲಿಲ್ಲ.

"ಇನ್ನೊಂದು ವಿಷಯ" ಎಂದರು ಡಾಕ್ಟರು. "ಬಲಗಡೆದು ಆಗಲೇ ಮುಕ್ಕಾಲು ಬಂದಾಗಿದೆ. ಅದನ್ನ ನೋಡಲಿಲ್ಲವಾ?"

"ಅದು ಮೊದಲಿಂದ ಇದ್ದದ್ದು ಅಂದ್ಕೊಂಡೆ."

"ಏನು ಕೆಲಸ ಮಾಡ್ತೀರಿ ನೀವು?"

"ಕಾರ್ಖಾನೆಯಲ್ಲಿದ್ದೀನಿ" ಎಂದಷ್ಟೇ ಹೇಳಿ ಅವನು ನೆಲ ನೋಡಿದ.

ಹೆಂಡತಿ ಚೀಲದಲ್ಲಿ ತಂದಿದ್ದ ಅವನ ಬಿರುಸು ಬ್ರಷ್ಷನ್ನು ಡಾಕ್ಟರು ಎರಡು ಬೆರಳಲ್ಲಿ ಎತ್ತಿ ಬುಟ್ಟಿಗೆ ಹಾಕಿ, ಮೆತ್ತನೆಯ ಪುಟ್ಟ ಬ್ರಷ್ ಕೊಟ್ಟರು. "ಪೇಸ್ಟು ಬಟಾಣಿ ಕಾಳಿನಷ್ಟು ಸಾಕು. ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ಸಣ್ಣ ಸಣ್ಣ ಸುತ್ತು. ಹೊಸ ಹಲ್ಲು ಪಕ್ಕದ್ದಕ್ಕಿಂತ ತಗ್ಗಿನಲ್ಲಿರತ್ತೆ, ಅಲ್ಲಿ ಬ್ರಷ್ ಅಡ್ಡ ಹಿಡೀಬೇಕು. ಒಸಡು ನಾಲ್ಕು ದಿನದಲ್ಲಿ ಸರಿಹೋಗತ್ತೆ. ಅವಳಿನ್ನೂ ಚಿಕ್ಕವಳು, ನೀವೇ ಉಜ್ಜಬೇಕು, ಬಿಡಬೇಡಿ. ಬಲ ಮಾತ್ರ ಕಾರ್ಖಾನೆಗೆ ಇಟ್ಕೊಳ್ಳಿ."

ದಾರಿಯುದ್ದಕ್ಕೂ ಗಿಲಕಿ ಬಾಯಿ ತೆರೆದುಕೊಂಡೇ ನಡೆದಳು. ಔಷಧಿ ಅಂಗಡಿಯವನಿಗೆ, ಬಸ್ ನಿಲ್ದಾಣದಲ್ಲಿ ಕೂತಿದ್ದ ಅಜ್ಜಿಗೆ, ಎದುರಿಗೆ ಸಿಕ್ಕ ಅಂಚೆಯಣ್ಣನಿಗೆ, ಎಲ್ಲರಿಗೂ ಕೆನ್ನೆ ಎಳೆದು ತೋರಿಸಿದಳು. "ನಂದು ಎರಡು ಖಾಯಂ ಆಗಿದೆ."

"ನಾನು ಲೈಬ್ರರಿಯಲ್ಲಿ ಒಂಬತ್ತು ವರ್ಷದಿಂದ ತಾತ್ಕಾಲಿಕ. ಇವಳು ನೋಡಿ, ಒಂದನೇ ಕ್ಲಾಸಿಗೇ ಖಾಯಂ" ಎಂದಳು ಹೆಂಡತಿ. ನಾಲ್ಕು ಹೆಜ್ಜೆ ನಡೆದು ಮೆಲ್ಲಗೆ ಸೇರಿಸಿದಳು: "ಮತ್ತೆ, ಆ ಡಬ್ಬಿ ಖಾಲಿ ಮಾಡಿದ್ದು ನಾನು. ಬೆಳಿಗ್ಗೆ ತಿಂಡಿಗೆ ಟೈಮಿರಲ್ಲ, ಒಂದು ಹಿಡಿ ಬಾಯಿಗೆ ಹಾಕ್ಕೊಂಡು ಓಡ್ತೀನಿ."

"ಅವತ್ತೇ ಯಾಕೆ ಹೇಳಲಿಲ್ಲ?"

"ನೀವು ಡಬ್ಬಿ ಅಟ್ಟಕ್ಕಿಟ್ಟಾಗ ನಾನು ಲೈಬ್ರರಿಯಿಂದ ಇನ್ನೂ ಬಂದಿರಲಿಲ್ಲ. ಯಾಕೆ ಇಟ್ರಿ ಅಂತ ಇವತ್ತು ಡಾಕ್ಟರ ಹತ್ರ ಇವಳು ಹೇಳಿದಾಗಲೇ ನಂಗೆ ಗೊತ್ತಾಗಿದ್ದು."

ಹದ್ದುಗಣ್ಣ ಮನೆಯ ಮೆಟ್ಟಿಲ ಬುಡದಲ್ಲಿ ಮಗಳ ಎದುರು ಕುಕ್ಕರಗಾಲಲ್ಲಿ ಕೂತ. "ಅಪ್ಪ ತಪ್ಪು ಮಾಡಿದ ಪುಟ್ಟಿ. ನೀನು ನಿಜ ಹೇಳಿದ್ದೆ, ನಾನು ನಂಬಲಿಲ್ಲ."

ಗಿಲಕಿ ಯೋಚಿಸಿದಳು. ಅಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿದಳು.

ಮರುದಿನದಿಂದ ಮೂರು ದಿನ ಹೆಂಡತಿಯೇ ಅರ್ಧ ಗಂಟೆ ಬೇಗ ಎದ್ದು ಮಗಳ ಹಲ್ಲುಜ್ಜಿದಳು. ಹದ್ದುಗಣ್ಣ ಟವೆಲ್ ಹಿಡಿದು ಬಾಗಿಲ ಹೊರಗೆ ನಿಂತು, ಓರೆ ಎಷ್ಟು, ಸುತ್ತು ಎಷ್ಟು ಎಂದು ಕಲಿತ. ಕಾರ್ಖಾನೆಯಲ್ಲಿ ಮಗಳ ಎರಡು ಹೊಸ ಹಲ್ಲುಗಳ ಸುದ್ದಿಯನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಹಂಚಿದ. ಕಡಲೆಬೀಜದ ಭಾಗವನ್ನೂ ಬಿಡದೆ ಹೇಳಿದ. ಜನ ಬಿದ್ದು ಬಿದ್ದು ನಕ್ಕರೂ ಅವನ ಮುಖದ ಹೆಮ್ಮೆ ಒಂದಿಷ್ಟೂ ಇಳಿಯಲಿಲ್ಲ.

ಶನಿವಾರ ಸಂಜೆ ಬಚ್ಚಲುಮನೆಯಿಂದ ಕೂಗು ಬಂತು. "ಅಪ್ಪ, ಬಾ. ಅಮ್ಮ ಫೋನಲ್ಲಿದ್ದಾಳೆ."

ಆ ಎರಡು ವಾರಗಳಲ್ಲಿ ಅವನು ಕೇಳಿದ ಅತ್ಯಂತ ಸೊಗಸಾದ ಮಾತು ಅದು. ಓಡಿದ. ಗಿಲಕಿ ಪುಟ್ಟ ಸ್ಟೂಲಿನ ಮೇಲೆ ನಿಂತು ಬಾಯಿ ಅಗಲಿಸಿದ್ದಳು. ಅವನು ಮೆತ್ತನೆಯ ಬ್ರಷ್ಷನ್ನು ಹೂವಿನಂತೆ ಹಿಡಿದು ದವಡೆಯ ಹತ್ತಿರ ತಂದ. ಇನ್ನೇನು ಮುಟ್ಟಬೇಕು, ಗಿಲಕಿ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ಅಪ್ಪ, ಕಣ್ಣು ಯಾಕೆ ಮುಚ್ಕೊಂಡೆ?"

"ಹೆದರಿಕೆ ಆಗತ್ತೆ ಪುಟ್ಟಿ."

ಗಿಲಕಿ ಕನ್ನಡಿಯಲ್ಲಿ ಅವನನ್ನು ಒಮ್ಮೆ, ತನ್ನನ್ನು ಒಮ್ಮೆ ನೋಡಿದಳು.

"ಬಾಯಿ ನಂದು, ಹೆದರಿಕೆ ನಿಂದಾ?" ಎಂದು, ಅವನ ಕೈಯನ್ನು ತಾನೇ ಹಿಡಿದು ಒಳಗೆ ಕರೆದುಕೊಂಡಳು.