ಟೊಪ್ಪಿಗಿ ಇಲ್ಲದ ಗಾಲಿ

ಗಾಲಿಗೆ ಒಂದು ಡಬ್ಬಿ ಗ್ರೀಸ್ ಬೇಕೆಂದು ಹುಲ್ಲಪ್ಪ ಮೂರು ಸಲ ಕೇಳಿದ. ಮೂರು ಸಲವೂ ಸಾಹುಕಾರ ವಿಜಯಮಹಾಂತೇಶ ಕೊಡಲಿಲ್ಲ.

ಬಾದಾಮಿಯ ಹೊರಗೆ ಸಾಹುಕಾರನದೊಂದು ರೆಸಾರ್ಟು. ಪ್ರವಾಸಿಗರಿಗೆಂದು ಅವನು ಎಲ್ಲಿಂದಲೋ ಹಳೆಯ ಕಾರವಾನೊಂದನ್ನು ತಂದಿದ್ದ. ಒಳಗೆ ಹಾಸಿಗೆ, ಒಲೆ, ಕಮೋಡು. ಕೆಳಗೆ ಎರಡೇ ಗಾಲಿ. ತಾನಾಗಿ ಓಡುವ ಗಾಡಿಯಲ್ಲ, ಜೀಪಿನ ಹಿಂದೆ ಕಟ್ಟಿ ಎಳೆಯಬೇಕು. ಮಂದಿ ಅದಕ್ಕೆ ಗಾಲಿಮನಿ ಎಂದರು. ಜೀಪು ಹೊಡೆಯುವವನು ಹುಲ್ಲಪ್ಪ. ಗಾಲಿಮನಿಯ ಗೋಡೆಗೆ ಬಣ್ಣ ಬಂತು, ಕಿಟಕಿಗೆ ಇಳಕಲ್ ಸೀರೆಯ ಪರದೆ ಬಂತು. ಬೇರಿಂಗಿಗೆ ಗ್ರೀಸ್ ಮಾತ್ರ ಬರಲಿಲ್ಲ.

“ಬಂದಾವರು ಮನಿ ನೋಡತಾರೋ, ಮನಿ ಕೆಳಗ ಬಗ್ಗಿ ನೋಡತಾರೋ?” ಎಂದು ಮೊದಲ ಸಲ ಕೇಳಿದಾಗ ಸಾಹುಕಾರ ನಕ್ಕ. ಎರಡನೆಯ ಸಲ ನಗಲೂ ಇಲ್ಲ. ಮೂರನೆಯ ಸಲ ಹುಲ್ಲಪ್ಪ ಎಡಗಾಲಿಯ ನಡುಭಾಗ ಬಿಚ್ಚಿ, ಒಣಕನ್ನು ಸಾಕ್ಷಿ ಸಮೇತ ತೋರಿಸಲೆಂದು ಪಡಸಾಲೆಗೇ ಹೋದ. ಸಾಹುಕಾರ ಫೋನಿನಲ್ಲಿದ್ದ. ನೊಣ ಹೊಡೆದಂತೆ ಕೈ ಬೀಸಿದ. ಹುಲ್ಲಪ್ಪನನ್ನು ಪ್ರವಾಸಿಗರ ಹಾಸಿಗೆ ಒಣಹಾಕಲು ಅಟ್ಟಿದರು. ಅವನು ಬರುವಷ್ಟರಲ್ಲಿ ಬಣ್ಣದವರು ಎರಡೂ ಗಾಲಿಯ ಮೇಲೆ ಮಿರಿಮಿರಿ ಮಿಂಚುವ ಪ್ಲಾಸ್ಟಿಕ್ ತಟ್ಟೆ ಕೂರಿಸಿಬಿಟ್ಟಿದ್ದರು. ಒಳಗಿನ ಒಣಕು ಹೊರಗಿನ ಹೊಳಪಿನಡಿ ಮುಚ್ಚಿಹೋಯಿತು.

ಇದಾಗಿ ಹದಿನೈದು ದಿನಕ್ಕೆ ಗಾಲಿಮನಿ ಮೊದಲ ಸಲ ದೂರ ಹೊರಟಿತು. ಕಲಾದಗಿಯ ಹತ್ತಿರ ಘಟಪ್ರಭೆಯ ದಂಡೆಗೆ ಯಾರೋ ದೊಡ್ಡ ಅಧಿಕಾರಿಯ ಬೀಗರು ಬರುವವರಿದ್ದರು. ನಾಲ್ಕು ಗಂಟೆಗೆ ಅಲ್ಲಿರಬೇಕು.

“ತಡಾ ಆತೋ, ಜೀಪಿನ ಕೀಲಿಕೈ ಇಟ್ಟು ಮನಿಗೆ ನಡಿ,” ಎಂದು ಹೇಳಿದ ಸಾಹುಕಾರ ಜೀಪು ಹತ್ತದೆ ಗಾಲಿಮನಿಯೊಳಗೆ ಹೋಗಿ ಹಾಸಿಗೆಯ ಮೇಲೆ ಅಡ್ಡಾದ.

“ಎಳಿಯೂ ಗಾಡಿಯೊಳಗ ಮನಷ್ಯಾರು ಕುಂದರಬಾರದರಿ, ಸಾಹುಕಾರ್ರ.”

“ನಾ ಕುಂತಿಲ್ಲಲೇ, ಮಲಗೇನಿ. ನಡಿ.”

ಕೆರೂರಿನ ದಾರಿ ಅರ್ಧ ಸವೆಯುವಷ್ಟರಲ್ಲಿ ಎಡಗಾಲಿ ಕುಂಯ್‌ಗುಟ್ಟತೊಡಗಿತು. ಮೊದಲು ಬೆಕ್ಕಿನ ಮರಿಯಂತೆ, ಆಮೇಲೆ ಸೊಸೆಯ ತವರಿನವರು ಬಂದಾಗ ಅತ್ತೆ ನರಳುವಂತೆ. ಹುಲ್ಲಪ್ಪ ಇಳಿದು ನೋಡಿದ. ಪ್ಲಾಸ್ಟಿಕ್ ತಟ್ಟೆ ಕಾದು ಹಪ್ಪಳದಂತೆ ಮುರುಟಿತ್ತು. ಹತ್ತಿರ ಕೈ ಒಯ್ದರೆ ರೊಟ್ಟಿ ಬೇಯುವಷ್ಟು ಝಳ. ಅಷ್ಟರಲ್ಲಿ ಕಿಸೆಯೊಳಗಿನ ಫೋನು ಬಡಕೊಂಡಿತು. ಹತ್ತು ಹೆಜ್ಜೆ ಹಿಂದಿನ ಹಾಸಿಗೆಯಿಂದ ಸಾಹುಕಾರ.

“ಯಾಕ ನಿಂದ್ರಿಸಿದಿ?”

“ಗಾಲಿ ಸುಡಾಕತ್ತೇತ್ರಿ. ಬೇರಿಂಗ್ ಹೋಗತೈತಿ.”

“ಹೊಸಾ ಚಪ್ಪಲಿ ಕುಂಯ್ ಅನ್ನೂದಿಲ್ಲೇನ? ಹಂಗ. ಹೊಡಿ ಗಾಡಿ.”

ಹುಲ್ಲಪ್ಪ ಹೊಡೆದ. ಎದೆ ಗಾಲಿಗಿಂತ ಜೋರಾಗಿ ತಿರುಗುತ್ತಿತ್ತು. ಎರಡು ಮೈಲಿಗೊಮ್ಮೆ ನಿಲ್ಲಿಸುವನು, ಫೋನು ಬಡಕೊಳ್ಳುವುದು, ಬೈಸಿಕೊಂಡು ಮತ್ತೆ ಹೊಡೆಯುವನು.

ಕೆರೂರಿನಲ್ಲಿ ಅಂದು ಸಂತೆ. ಗಾಲಿಮನಿ ಹೊಗೆಯುಗುಳುತ್ತ ಒಳಹೊಕ್ಕಿದ್ದೇ ತಡ, ಸಂತೆಗೆ ಸಂತೆಯೇ ಮೆಕ್ಯಾನಿಕ್ ಆಯಿತು. ಚಹಾ ಅಂಗಡಿಯ ಗುರಪ್ಪ ಬಂದವನೇ ಕಪ್ಪು ತೊಳೆದ ಒಂದು ಬಕೆಟ್ ನೀರನ್ನು ಗಾಲಿಗೆ ಎರಚಿದ. ಚೊಂಯ್ ಎಂದು ಹಬೆ ಎದ್ದು ಅವನ ಮೀಸೆಯೇ ಬೆಂದಂತಾಯಿತು.

“ನೀರ ಯಾಕ ಹಾಕಿದ್ಯೋ ಮಾರಾಯಾ!” ಹುಲ್ಲಪ್ಪ ತಲೆ ಚಚ್ಚಿಕೊಂಡ.

“ಜ್ವರ ಬಂದ್ರ ತಣ್ಣೀರ ಪಟ್ಟಿ ಇಡೂದಿಲ್ಲೇನು? ಒಳ್ಳೇದು ಮಾಡಾಕ ಬಂದ್ರ...”

“ಕೀಲೆಣ್ಣಿ ಹಾಕ್ರಿ, ನಮ್ಮ ಚಕ್ಕಡಿಗೆ ಅದನ್ನ ಹಾಕತೇವಿ,” ಎಂದಿತು ಒಂದು ರುಮಾಲು. “ದೃಷ್ಟಿ ಆಗೇತಿ, ಲಿಂಬಿಹಣ್ಣು ಕಟ್ರಿ,” ಎಂದಿತು ಇನ್ನೊಂದು. ಮೆಣಸಿನಕಾಯಿ ಮಾರುವ ರೋಷನಬಿ ಮಾತ್ರ ಬುಟ್ಟಿ ಹಿಂದಕ್ಕೆ ಎಳೆದುಕೊಳ್ಳುತ್ತ, “ಏ ಭಾಯಿ, ಆ ಗಾಲಿ ಕುಡದಂಗ ಓಲಾಡಾಕತ್ತೇತಿ. ಮುಂದ ಒಯ್ಯಬ್ಯಾಡ,” ಎಂದಳು. ಇಡೀ ಸಂತೆಯಲ್ಲಿ ಸರಿಯಾಗಿ ಹೇಳಿದವಳು ಅವಳೊಬ್ಬಳೇ. ಅವಳ ಮಾತನ್ನು ಯಾರೂ ಕೇಳಲಿಲ್ಲ.

ಫೋನು ಬಡಕೊಂಡಿತು. “ಹೊಡಿಯಲೇ!”

ಜೀಪು ಹತ್ತು ಮಾರು ಹೋಗಿರಲಿಲ್ಲ. ಹುಲ್ಲಪ್ಪನ ಎಡಮಗ್ಗುಲಲ್ಲೇ ಒಂದು ಗಾಲಿ ಅವನನ್ನು ಹಿಂದೆ ಹಾಕಿ ಮುಂದೆ ಓಡಿತು. ‘ಯಾರದಪಾ ಇದು?’ ಎಂದುಕೊಳ್ಳುವಷ್ಟರಲ್ಲಿ ಹಿಂದೆ ಧಡಾರ್! ಗಾಲಿಮನಿ ಎಡಕ್ಕೆ ಕುಕ್ಕರಿಸಿತು. ಓಡಿದ ಗಾಲಿ ಸಂತೆಯ ನಡುವೆ ದಾರಿ ಬಿಡಿಸಿಕೊಂಡು ಹೋಗಿ, ಬುಟ್ಟಿ ಹಿಂದೆಳೆದುಕೊಂಡ ರೋಷನಬಿಯನ್ನು ಬಿಟ್ಟು ಗುರಪ್ಪನ ಚಹಾ ಅಂಗಡಿಗೆ ನುಗ್ಗಿ ಬೆಂಚಿನ ಮೇಲೆ ಗಿರಾಕಿಯಂತೆ ಒರಗಿತು. ಗಾಲಿಮನಿಯ ಬಾಗಿಲು ತೆರೆಯಿತು. ತಲೆಯ ಮೇಲೆ ಕೌದಿ, ಕೈಯಲ್ಲಿ ಫೋನು, ಕೊರಳಲ್ಲಿ ಇಳಕಲ್ ಪರದೆ ಸುತ್ತಿಕೊಂಡು ಸಾಹುಕಾರ ಬೋರಲಾಗಿ ಹೊರಬಂದ.

ಎದುರಿನ ಗ್ಯಾರೇಜಿನಿಂದ ಮೇಸ್ತ್ರಿ ಅಬ್ದುಲಸಾಬ ಬಂದು ನೆಲಕ್ಕೆ ಕುಂತು ನೋಡಿದ. ಬೇರಿಂಗಿನ ಗುಂಡುಗಳು ಹುರಿದ ಪುಟಾಣಿಯಂತೆ ಒಡೆದು ಕರಕಾಗಿದ್ದವು.

“ನಡುವಿನ ಟೊಪ್ಪಿಗಿ ಎಲ್ಲೈತಿ?” ಎಂದ.

“ಯಾ ಟೊಪ್ಪಿಗಿ?” ಎಂದ ಸಾಹುಕಾರ.

“ಬೇರಿಂಗ್ ಮ್ಯಾಲೆ ಸ್ಟೀಲಿನದೊಂದು ಸಣ್ಣ ಮುಚ್ಚಳ ಇರತೈತ್ರಿ, ಧೂಳ ಹೋಗಬಾರದಂತ. ಅದ ಇಲ್ಲ.”

ಸಾಹುಕಾರನಿಗೆ ಜೀವ ಬಂತು. “ನೋಡ್ರಪಾ! ನಾ ಗ್ರೀಸ್ ತುಂಬಿಸಿ ಇಟ್ಟಿದ್ದೆ. ಈ ಮಗಾ ಟೊಪ್ಪಿಗಿ ಕದ್ದು ಗುಜರಿಗೆ ಹಾಕ್ಯಾನ.”

“ಗ್ರೀಸ್ ಹಾಕಿದ್ರಾ? ಯಾವಾಗ್ರಿ?” ಹುಲ್ಲಪ್ಪ ಚೀರಿದ. “ಮೂರು ಸಲ ಕೈ ಮುಗದು ಕೇಳೇನಿ!”

“ಗ್ರೀಸ್ ಇತ್ತೋ ಇಲ್ಲೋ ಈಗ ಹೆಂಗ ಹೇಳ್ಲಿ, ಎಲ್ಲಾ ಸುಟ್ಟೈತಿ,” ಎಂದ ಅಬ್ದುಲಸಾಬ. “ಆ ಟೊಪ್ಪಿಗಿ ಸಿಕ್ಕರ ಹೇಳತೇನಿ. ಗ್ರೀಸ್ ಇತ್ತಂದ್ರ ಅದರೊಳಗ ಜಿಡ್ಡ ಇರಾಕಬೇಕು.”

ಸಂತೆ ಎರಡು ಪಾರ್ಟಿಯಾಯಿತು. ಆಗ ಹುಲ್ಲಪ್ಪ ಎದೆ ಬಡಿದುಕೊಂಡು ಹೇಳಿದ: “ನಮ್ಮ ಮನಿ ಈ ಸಂತಿ ಹಿಂದಿನ ಓಣ್ಯಾಗ ಐತಿ. ಬರ್ರಿ ಎಲ್ಲಾರೂ. ಬೀರಪ್ಪನ ಭಂಡಾರ ಮುಟ್ಟಿ ಹೇಳತೇನಿ, ಟೊಪ್ಪಿಗಿ ನಾ ಒಯ್ದಿಲ್ಲಂತ!”

ಸಂತೆ ತಲೆದೂಗಿತು. ದೇವರ ಮುಂದಿನ ಆ ಅರಿಷಿಣ ಪುಡಿ ಮುಟ್ಟಿ ಸುಳ್ಳು ಹೇಳುವ ಗಂಡಸು ಆ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

“ಆತು,” ಎಂದ ಸಾಹುಕಾರ. “ಆಣಿ ಮಾಡಿದ್ರ ನೌಕ್ರಿ ಉಳೀತು, ಗಾಲಿ ಖರ್ಚು ನಂದು. ಕೈ ನಡಗಿತೋ, ನೌಕ್ರಿ ಹೋತು, ಖರ್ಚೂ ನಿಂದ.”

“ಖರೆ ಇದ್ದಾವಗ ಕೈ ಯಾಕ ನಡಗತಾವ್ರಿ?”

ಮೆರವಣಿಗೆಯೇ ಹೊರಟಿತು. ಮುಂದೆ ಹುಲ್ಲಪ್ಪ, ಹಿಂದೆ ಕೌದಿ ಹೊದ್ದ ಸಾಹುಕಾರ, ಅವನ ಹಿಂದೆ ಅಬ್ದುಲಸಾಬ, ಮುರಿದ ಬೆಂಚಿನ ಕಾಲು ಹಿಡಿದ ಗುರಪ್ಪ, ಅಂಗಡಿ ಬಿಟ್ಟು ಬಂದ ಸಂತೆ. ಹೊಸಿಲಲ್ಲಿ ಹುಲ್ಲಪ್ಪನ ಹೆಂಡತಿ ಪದ್ಮವ್ವ ಜೋಳ ಹಸನು ಮಾಡುತ್ತಿದ್ದಳು.

“ಏ, ದೇವರ ಜಗಲಿ ಮ್ಯಾಲಿನ ಭಂಡಾರ ತಾ!”

ಅವಳು ಕೈಕಾಲು ತೊಳೆದು, ತಲೆಯ ಮೇಲೆ ಸೆರಗು ಎಳೆದು, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಬಂದಳು. ಹುಲ್ಲಪ್ಪ ಕಣ್ಣು ಮುಚ್ಚಿ ಕೈ ಚಾಚಿದ.

“ತಡಿ, ತಮ್ಮಾ,” ಎಂದ ಅಬ್ದುಲಸಾಬ ಮೆಲ್ಲಗೆ. “ತಂಗೀ, ಈ ಬಟ್ಟಲ ಎಲ್ಲಿದು?”

ಹುಲ್ಲಪ್ಪ ಕಣ್ಣು ಬಿಟ್ಟ. ಸ್ಟೀಲಿನ ಪುಟ್ಟ ಬಟ್ಟಲು. ದುಂಡನೆಯ ತಳ, ಅಂಚಿಗೊಂದು ಮಡಿಕೆ. ಅದರೊಳಗೆ ಬಂಗಾರದ ಗುಡ್ಡದಂತೆ ಭಂಡಾರ.

“ಇವರ ತಂದದ್ದರಿ,” ಎಂದಳು ಪದ್ಮವ್ವ. “ಹದಿನೈದು ದಿನದ ಹಿಂದ ಒಗಿಯಾಕ ಅಂಗಿ ತಗದ್ರ ಕಿಸೇದಾಗ ಇತ್ತು. ದೇವರ ಹಳೇ ಬಟ್ಟಲ ಸೀಳಿತ್ತು, ಬಾಯಿ ಬಿಟ್ಟು ಹೇಳದಿದ್ರೂ ನೆಪ್ಪಿಟ್ಟು ತಂದಾರಲ್ಲಾ ಅಂತ ಭಾಳ ಖುಷಿ ಆತು.”

ಹುಲ್ಲಪ್ಪನ ಕಣ್ಣ ಮುಂದೆ ಪಡಸಾಲೆ ಬಂತು, ಬೀಸಿದ ಕೈ ಬಂತು, ಆ ಕೈಗೆ ತೋರಿಸಲೆಂದು ಒಯ್ದು ತೋರಿಸಲಾಗದೆ ಕಿಸೆಗೆ ಇಳಿಸಿ ಮರೆತೇಬಿಟ್ಟ ಸಾಕ್ಷಿ ಬಂತು. ಚಾಚಿದ ಕೈ ಗಾಳಿಯಲ್ಲೇ ನಡುಗಿತು.

“ಕಳ್ಳ ಸಿಕ್ಕ!” ಸಾಹುಕಾರ ಕೌದಿ ಕೊಡವಿದ. “ತಗಿ ಕೀಲಿಕೈ!”

ಹುಲ್ಲಪ್ಪ ಕೊಟ್ಟ.

“ಒಂದ ಮಾತು,” ಅಬ್ದುಲಸಾಬ ಬಿಡಲಿಲ್ಲ. “ತಂಗೀ, ಸಿಕ್ಕಾಗ ಇದಕ್ಕ ಜಿಡ್ಡ ಇತ್ತೇನು? ತಿಕ್ಕಿ ತೊಳದ್ಯಾ?”

“ಎಲ್ಲಿ ಜಿಡ್ಡರಿ? ಒಣಾ ಒಣಾ ಇತ್ತು. ಸೆರಗಿಲೆ ಒರಸಿದೆ, ಧೂಳ ಬಂತು, ಅಷ್ಟ. ಜಿಡ್ಡಿದ್ರ ದೇವರಿಗೆ ಇಡತಿದ್ನೇನು?”

ಸಂತೆಯಲ್ಲಿ ಗುಜುಗುಜು ಎದ್ದಿತು. ಎಲ್ಲರೂ ಸಾಹುಕಾರನ ಕಡೆ ನೋಡಿದರು. ಸಾಹುಕಾರ ಗಡಿಯಾರ ನೋಡಿದ.

“ಆ ಪುಡಿ ಅತ್ತಾಗ ಚೆಲ್ಲಿ ಟೊಪ್ಪಿಗಿ ಇತ್ತಾಗ ಕೊಡವಾ. ಹೊಸಾ ಬೇರಿಂಗ್ ಹಾಕಿ, ಗ್ರೀಸ್ ತುಂಬಿ ಕುಂದರಸೂದೈತಿ, ನಾಲ್ಕಕ್ಕ ಕಲಾದಗಿ ಮುಟ್ಟಬೇಕು.”

“ಕೊಟ್ಟುಬಿಡ,” ಎಂದ ಹುಲ್ಲಪ್ಪ ಸೋತ ದನಿಯಲ್ಲಿ. “ಕೊಟ್ಟರ ಖರ್ಚರೆ ಬಿಟ್ಟಾರು.”

ಪದ್ಮವ್ವ ಗಂಡನನ್ನು ನೋಡಿದಳು. ಸಾಹುಕಾರನ ಕೈಯಲ್ಲಿದ್ದ ಕೀಲಿಕೈ ನೋಡಿದಳು. ಬಟ್ಟಲಿನಿಂದ ಒಂದು ಚಿಟಿಕೆ ಭಂಡಾರ ತೆಗೆದು ಗಂಡನ ಹಣೆಗೆ ಹಚ್ಚಿದಳು. ಬಟ್ಟಲನ್ನು ಸೆರಗಿನೊಳಗೆ ಎಳೆದುಕೊಂಡಳು.

“ಕೊಡೂದಿಲ್ಲ,” ಎಂದಳು.