ಯಂತ್ರದ ಕೈಗೆ ಸ್ನಾನ

ಯಂತ್ರದ ಕೈಗೆ ಸ್ನಾನ ಮಾಡಿಸಬೇಕು ಎಂಬುದು ಉಚ್ಚಂಗಮ್ಮನ ಯೋಚನೆ. ಆ ಹೊತ್ತಿನಲ್ಲಿ ಅದನ್ನು ತಡೆಯುವವರು ಯಾರೂ ಅಲ್ಲಿಲ್ಲದಿದ್ದದ್ದು ಏಕಾಂತಮ್ಮನ ಗ್ರಹಚಾರ.

ಹೊಳಲ್ಕೆರೆಯಾಚೆ ಹೊಸದಾಗಿ ಎದ್ದಿದ್ದ ಸಣ್ಣ ಪಾಲಿಟೆಕ್ನಿಕ್ಕಿನಲ್ಲಿ, ಮೊದಲ ವರ್ಷದವರಿಗೆ ಯಂತ್ರಗಳ ಪರಿಚಯ ಮಾಡಿಕೊಡುವುದು ಏಕಾಂತಮ್ಮನ ಕೆಲಸ. ಡಿಪ್ಲೊಮಾ ಮುಗಿಸಿ ಬಂದಾಗಿನಿಂದಲೂ ಟೆಂಪರರಿ. ಮಳೆಗಾಲಕ್ಕೆ ಮುಂಚೆ ಸೂರಿನ ಹಂಚು ನೋಡುವವರ ಹಾಗೆ ಆಕೆ ಪ್ರತಿ ಮಾರ್ಚಿನಲ್ಲಿ ಪ್ರಿನ್ಸಿಪಾಲರ ಮುಖ ನೋಡುತ್ತಿದ್ದಳು.

ಈ ಸಲ ಆಯುಧ ಪೂಜೆಯ ರಜೆಗೆ ಮುಂಚಿನ ದಿನ, ವರ್ಕ್‌ಶಾಪಿನ ಪೂಜೆಗೆ ಬೆಂಗಳೂರಿನಿಂದ ತಾಂತ್ರಿಕ ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರು ಬರುವವರಿದ್ದರು. "ಏನಾದ್ರೂ ಹೊಸದು ತೋರಿಸ್ರಿ. ಅವರು ಮೆಚ್ಚಿದ್ರೆ ನಿಮ್ ಪೋಸ್ಟು ಕಾಯಂ" ಎಂದಿದ್ದರು ಪ್ರಿನ್ಸಿಪಾಲ್ ಚಿತ್ರಲಿಂಗಪ್ಪ.

ಏಕಾಂತಮ್ಮ ಹಳೇ ಜೀಪಿನ ವೈಪರ್ ಮೋಟಾರು, ಸೈಕಲ್ ಚೈನು, ಎಣ್ಣೆ ಡಬ್ಬಿಯ ತಗಡು ಸೇರಿಸಿ ಒಂದು ಕೈ ಮಾಡಿದಳು. ಲೇತ್ ತುಂಬಿಕೊಂಡು ಬಂದಿದ್ದ ಮರದ ಪೆಟ್ಟಿಗೆಯೊಳಗಿನಿಂದ ತಗಡಿನ ತೋಳು ಹೊರಗೆ ಚಾಚಿತ್ತು. ತುದಿಗೆ ಹತ್ತಿ ತುಂಬಿದ ವೆಲ್ಡಿಂಗ್ ಗ್ಲೌಸು. ಸ್ವಿಚ್ ಒತ್ತಿದರೆ ಅದು ಆರತಿ ತಟ್ಟೆಯನ್ನು ಮೂರು ಸುತ್ತು ಬೆಳಗಿ ಸುಮ್ಮನಾಗುತ್ತಿತ್ತು. ಹಿಂದಿನ ಸಂಜೆ ಹತ್ತಾರು ಸಲ ಒತ್ತಿ ನೋಡಿ, ಮನೆಗೆ ಹೋಗಿಯೂ ಆಕೆಗೆ ನಿದ್ದೆ ಬಂದಿರಲಿಲ್ಲ.

ಬೆಳಿಗ್ಗೆ ಸೇವಂತಿಗೆ ಹಿಡಿದು ಬಂದಾಗ ವರ್ಕ್‌ಶಾಪಿನ ನೆಲವೆಲ್ಲ ನೀರು. ಕಸ ಗುಡಿಸುವ ಉಚ್ಚಂಗಮ್ಮ ಖಾಲಿ ಬಕೀಟು ಹಿಡಿದು ನಿಂತಿದ್ದಳು.

"ಇದೇನು ಉಚ್ಚಂಗಮ್ಮ?"

"ಕೈಗೆ ಸ್ನಾನ ಮಾಡಿಸ್ದೆ ತಾಯಿ. ದೇವರಿಗೆ ಆರತಿ ಎತ್ತೋದು, ಮೈಯೆಲ್ಲ ಜಿಡ್ಡು ಇದ್ರೆ ಹೆಂಗೆ?"

"ಮೋಟಾರಿಗೂ ನೀರು ಹಾಕಿದ್ರಾ?"

"ಮೊದ್ಲು ಅದಕ್ಕೇ ಹಾಕ್ದೆ. ತಲೆಗೆ ಸ್ನಾನ ಅಂದ್ರೆ ಮ್ಯಾಗಿಂದ್ಲೇ ಅಲ್ವೇ?"

ಏಕಾಂತಮ್ಮ ಸ್ವಿಚ್ ಒತ್ತಿದಳು. ಪೆಟ್ಟಿಗೆಯೊಳಗೆ ಬೆಕ್ಕು ಸೀನಿದಂಥ ಒಂದು ಸದ್ದು, ಚೂರು ಹೊಗೆ, ಆಮೇಲೆ ಏನೂ ಇಲ್ಲ.

"ಶೀತ ಆಗಿರ್ಬೇಕು" ಎಂದಳು ಉಚ್ಚಂಗಮ್ಮ.

ಅಟೆಂಡರ್ ಎತ್ತಪ್ಪ ಓಡಿ ಬಂದ. "ಬಾಣಂತಿಗೆ ಹಾಕೋ ಹಂಗೆ ಸಾಂಬ್ರಾಣಿ ಹೊಗೆ ಹಾಕಾಣ ಬಿಡ್ರಿ ಮೇಡಂ, ಒಣಗ್ತೈತೆ" ಎಂದು, ಬೇಡವೆನ್ನುವಷ್ಟರಲ್ಲಿ ಕೆಂಡದ ಮಡಿಕೆ ತಂದು ಪೆಟ್ಟಿಗೆಯ ಕೆಳಗಿಟ್ಟೇಬಿಟ್ಟ. ವೈರಿನ ಮೇಲಿದ್ದ ರಬ್ಬರು ಮೆತ್ತಗೆ ಕರಗಿ ಇಳಿಯತೊಡಗಿತು. ಅಷ್ಟು ಹೊತ್ತಿಗೆ ಚಿಕ್ಕಜಾಜೂರಿನಲ್ಲಿ ರೈಲಿಳಿದ ಸಾಹೇಬರನ್ನು ಕೂರಿಸಿಕೊಂಡ ಜೀಪು ಗೇಟಿನಲ್ಲಿ ಹಾರ್ನ್ ಹೊಡೆಯಿತು.

ಹಾರ್ನ್ ಕೇಳಿ ಒಳಗೆ ಓಡಿ ಬಂದ ಚಿತ್ರಲಿಂಗಪ್ಪ ಒಂದು ಕ್ಷಣ ಕಣ್ಣು ಮುಚ್ಚಿದರು. "ಆ ಕೆಂಡ ತೆಗೀರಿ. ಮೋಟಾರು, ಗ್ಲೌಸಿನ ಹತ್ತಿ ಎಲ್ಲ ಕೀಳ್ರಿ. ಒಳಗೆ ಯಾರಾದ್ರೂ ಕುಂತು ತಗಡಿನಾಗೆ ಕೈ ತೂರಿಸ್ರಿ."

ಎತ್ತಪ್ಪನ ಕೈ ಮೊಣಕೈಗೇ ಸಿಕ್ಕಿಕೊಂಡಿತು. ಉಚ್ಚಂಗಮ್ಮನದು ಹೋಗಲೇ ಇಲ್ಲ. ಎಲ್ಲರೂ ಏಕಾಂತಮ್ಮನ ಸಣಕಲು ತೋಳನ್ನು ನೋಡಿದರು.

"ಸಾರ್, ಇದು ಮೋಸ ಆಗ್ತೈತೆ."

"ಎಂಥ ಮೋಸ? ಮಾಡಿದ ಕೈಯೂ ನಿಮ್ದೇ, ಎತ್ತೋ ಕೈಯೂ ನಿಮ್ದೇ. ಕುಂತ್ಕಳ್ರಿ."

ಏಕಾಂತಮ್ಮ ಸೆರಗು ಸುತ್ತಿಕೊಂಡು ಪೆಟ್ಟಿಗೆಯೊಳಗೆ ಮುದುಡಿ ಕೂತಳು. ಹಲಗೆಯ ಸಂದಿಯಲ್ಲಿ ಒಂದು ಜೊತೆ ಹೊಳೆಯುವ ಬೂಟು ಬಂದು ನಿಂತಿತು. ಹೊರಗೆ ಸ್ವಿಚ್ಚಿನ ಟಕ್ ಕೇಳಿಸಿತು. ಆಕೆ ತಟ್ಟೆ ಎತ್ತಿದಳು.

"ಅದೇನು, ಬಳೆ ಸದ್ದಿನ ಹಾಗೆ ಕೇಳುತ್ತದೆ?"

"ಗೇರು ಸಾರ್" ಎಂದರು ಚಿತ್ರಲಿಂಗಪ್ಪ.

"ಸ್ವಲ್ಪ ನಡುಗುತ್ತಿದೆಯಲ್ಲ?"

"ಇವತ್ತು ಪೂಜೆ ಅಲ್ವೇ ಸಾರ್. ಭಕ್ತಿ" ಎಂದ ಎತ್ತಪ್ಪ.

ಸಾಹೇಬರು ನಕ್ಕರು. ಮೂರು ಸುತ್ತು ಮುಗಿದು ತಟ್ಟೆ ಕದಲದೆ ನಿಂತಾಗ ಅವರೇ ಮೊದಲು ಚಪ್ಪಾಳೆ ತಟ್ಟಿದರು. "ಇದನ್ನು ಮಾಡಿದ್ದು ಯಾರು?"

"ನಮ್ಮ ಏಕಾಂತಮ್ಮ ಸಾರ್. ಟೆಂಪರರಿ. ತಾವು ಮನಸ್ಸು ಮಾಡಿದ್ರೆ..."

ಪೆಟ್ಟಿಗೆಯೊಳಗೆ ಏಕಾಂತಮ್ಮ ಹಲಗೆಯ ಸಂದಿಗೆ ಕಿವಿಯಿಟ್ಟಳು. ಮನೆಯಲ್ಲಿ ಅವ್ವನಿಗೆ ಹೇಳಬೇಕಾದ ಮಾತು ಆಗಲೇ ನಾಲಿಗೆಯ ಮೇಲೆ ಕೂತಿತ್ತು.

"ಎಲ್ಲಿದ್ದಾರೆ ಅವರು?"

"ಇಲ್ಲೇ... ಹತ್ತಿರದಾಗೇ ಅವ್ರೆ ಸಾರ್."

"ಅವರಿಲ್ಲದೆಯೇ ಯಂತ್ರ ನಡೆಯಿತು ಅನ್ನಿ. ಏನು ಕೆಲಸ ಅವರದು?"

"ಹೊಸಬರಿಗೆ ಯಂತ್ರ ನಡೆಸಿ ತೋರಿಸೋದು ಸಾರ್."

"ಅದನ್ನು ಯಂತ್ರವೇ ತೋರಿಸುತ್ತಿದೆಯಲ್ಲ. ರಜೆ ಕೇಳುವುದಿಲ್ಲ, ಸಂಬಳ ಕೇಳುವುದಿಲ್ಲ. ಆ ಪೋಸ್ಟು ಈ ತಿಂಗಳಿಗೆ ಮುಗಿಸಿ. ಈ ಕೈಯನ್ನು ಕಾಯಂ ಆಗಿ ಇಟ್ಟುಕೊಳ್ಳಿ, ಎಣ್ಣೆಗೆ ಅನುದಾನ ಕೊಡಿಸುತ್ತೇನೆ. ಮುಂದಿನ ತಿಂಗಳು ಸೆಕ್ರೆಟರಿಯವರನ್ನೂ ಕರೆತರುತ್ತೇನೆ."

ಹೊರಗೆ ಬಂದು ನಿಜ ಹೇಳಿದರೆ ಈ ತಿಂಗಳ ಕೆಲಸವೂ ಉಳಿಯದು. ಏಕಾಂತಮ್ಮ ಕದಲಲಿಲ್ಲ. ಸಾಹೇಬರು ಹೊರಡುವ ಮುನ್ನ ತಮಾಷೆಗೆಂದು ಗ್ಲೌಸಿನ ಕೈ ಕುಲುಕಿದರು. ಗ್ಲೌಸು ಅವರ ಕೈಯನ್ನು ಹಿಡಿದೇ ಇತ್ತು. ಬಿಡಿಸಿಕೊಳ್ಳಲು ಅವರು ಎರಡು ಸಲ ಎಳೆಯಬೇಕಾಯಿತು.

"ಎಂಥ ಹಿಡಿತ" ಎಂದು ಮೆಚ್ಚಿಕೊಂಡು ಜೀಪು ಹತ್ತಿದರು.

ತಲೆಯ ತುಂಬ ಮರದ ಹೊಟ್ಟು ಹೊತ್ತು ಏಕಾಂತಮ್ಮ ಹೊರಗೆ ಬಂದಳು. "ಸಾರ್, ನನ್ ಕೆಲ್ಸ?"

ಚಿತ್ರಲಿಂಗಪ್ಪ ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ನಿಮ್ದು ಹೋತು ಏಕಾಂತಮ್ಮೋರೆ. ನಿಮ್ ಕೈದು ಕಾಯಂ ಆತು. ಸೆಕ್ರೆಟರಿ ಬರೋ ದಿನ ಮಾತ್ರ ತಪ್ಪಿಸ್ಬ್ಯಾಡ್ರಿ."

ಉಚ್ಚಂಗಮ್ಮ ಬಕೀಟನ್ನು ನಲ್ಲಿಯ ಕೆಳಗಿಟ್ಟಳು. "ಬೇಜಾರು ಮಾಡ್ಕಬ್ಯಾಡ್ರಿ ತಾಯಿ. ಎಣ್ಣೆ ಕೊಡ್ತಾರಂತಲ್ಲ, ಆವತ್ತು ಎಣ್ಣೆಸ್ನಾನನೇ ಮಾಡಿಸಾಣ."